ಏಳು ಸೆಕೆಂಡು

ತೀರಿಹೋದ ಮಗನ ದನಿ ಉಳಿದಿದ್ದುದು ಆ ಕೆಟ್ಟ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ತಂದೆ ಅದನ್ನು ಎರಡೂ ಕೈಯಲ್ಲಿ ಹಿಡಿದು ರಿಪೇರಿ ಅಂಗಡಿಗೆ ತಂದಿದ್ದರು.

"ಹಾಳಾದ ಜಾಗ ಸಿಕ್ಕರೆ ಡಿಸ್ಕ್ ಅಲ್ಲೇ ಒದ್ದಾಡುತ್ತೆ ಸರ್. ಅದಕ್ಕೇ ಏಳು ಸೆಕೆಂಡ್ ನೋಡಿ, ಬಿಟ್ಟು ಮುಂದಕ್ಕೆ ಹೋಗೋ ಹಾಗೆ ಸೆಟ್ ಮಾಡಿದೀನಿ," ಎಂದ ರಿಪೇರಿಯವನು.

ದನಿ ಬಂತು. "ಅಪ್ಪಾ, ನಿಮಗೆ..." ಆಮೇಲೆ ಬರೀ ಮೌನ. ತುಂಬ ಹೊತ್ತಿನ ಮೇಲೆ, "ಒಂದು ಮಾತು..." ಮತ್ತೆ ಮೌನ.

ರಿಪೇರಿಯವನು ಕಾಯುವ ಹೊತ್ತನ್ನು ಅರ್ಧ ನಿಮಿಷಕ್ಕೆ ಏರಿಸಿ ಮತ್ತೆ ಓದಿಸಿದ. ಅದೇ ಮೌನ. ಇನ್ನೂ ಏರಿಸಿದ. ಡಿಸ್ಕ್ ಕಟಕಟ ಸದ್ದು ಮಾಡಿ ನಿಂತೇಹೋಯಿತು.

"ಕ್ಷಮಿಸಿ ಸರ್, ನಡುವಿನ ಮಾತು ತೆಗೆಯೋಕೆ ಆಗ್ಲಿಲ್ಲ."

"ಏನೂ ಹೋಗಿಲ್ಲಪ್ಪ," ಎಂದರು ತಂದೆ. "ಅವನಿಗೆ ಉಗ್ಗಿತ್ತು. ಇಷ್ಟು ಹೊತ್ತು ನಾನು ಕಾದಿದ್ದು ಇವತ್ತೇ ಮೊದಲು."