ಆಟದ ಮೈದಾನದ ಮೂಲೆ

"ಇಲ್ಲಿ ಹುಡುಗರು ಆಟ ಆಡೋ ಮೈದಾನ ಬರುತ್ತೆ. ಇದು ಯಾರ ಹೊಲ?" ಇಂಜಿನಿಯರು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು. ಹನಗೋಡಿನ ಸ್ಕೂಲಿನ ಜಗಲಿಯಲ್ಲಿ ಸೇರಿದ್ದ ಊರೆಲ್ಲ ಕಂಠಪ್ಪನ ಕಡೆ ತಿರುಗಿತು. ಕಂಠಪ್ಪ ಹೆಗಲ ಮೇಲಿನ ವಲ್ಲಿಯನ್ನು ಕಂಕುಳಿಗೆ ಸೇರಿಸಿಕೊಂಡು ಎದ್ದು ನಿಂತ.

ಅದು ಐವತ್ತೇಳನೇ ಇಸವಿ. ಯೂನಿವರ್ಸಿಟಿಯವರು ಊರಾಚೆ ಒಂದು ಕಾಲೇಜು ಕಟ್ಟುವವರಿದ್ದರು. ಯಾವ ಜಮೀನಿನಲ್ಲಿ ಏನು ಬರುತ್ತದೆಂದು ಊರವರಿಗೆ ತೋರಿಸಿ, ಅವರ ಮಾತು ಕೇಳಿಕೊಂಡು ಹೋಗಲು ಹುಣಸೂರಿನಿಂದ ಅಮಲ್ದಾರರೇ ಬಂದಿದ್ದರು. ಇನ್ನು ಹತ್ತು ವರ್ಷದಲ್ಲಿ ಹನಗೋಡು ಹುಣಸೂರಿನಷ್ಟೇ ದೊಡ್ಡದಾಗುತ್ತದೆ ಎಂದು ಅವರು ಅಂದದ್ದೇ ತಡ, ಊರಿನ ಬಾಯಲ್ಲಿ ನೀರೂರಿತು. ಚನ್ನಬಸವಣ್ಣ ಬೀದಿಗೆ ಕರೆಂಟು ಕೇಳಿದ. ಪುಟ್ಟಮಲ್ಲಪ್ಪ, ಬಸ್ಸು ಬರುವುದಾದರೆ ತನ್ನ ಅಂಗಡಿಯ ಮುಂದೆಯೇ ನಿಲ್ಲಬೇಕೆಂದ. ಬೇಡ ಅನ್ನುವ ಪ್ರಾಣಿ ಒಂದೂ ಇರಲಿಲ್ಲ.

"ಬದಲಿ ಜಮೀನು ಹೊಳೆ ಮಗ್ಗುಲಲ್ಲೇ ಕೊಡ್ತೀವಿ, ಕಂಠಪ್ಪನವರೇ. ನಿಮ್ಮದೇನಾದರೂ ತಕರಾರು ಇದೆಯಾ?" ಅಮಲ್ದಾರರು ಕೇಳಿದರು.

ಇತ್ತು. ಹೊಲದ ಮೂಡಲ ಮೂಲೆಯಲ್ಲಿ ಸರ್ವಮಂಗಳ ಇದ್ದಳು. ಕಂಠಪ್ಪನ ಮೊದಲ ಹೆಂಡತಿ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಶಿವನ ಪಾದ ಸೇರಿದವಳು. ಅವರ ಮನೆತನದ ವಾಡಿಕೆಯಂತೆ ಸ್ವಂತ ಹೊಲದಲ್ಲೇ ಅವಳ ಸಮಾಧಿ ಮಾಡಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಆಮೇಲೆ ಗುರುಶಾಂತಮ್ಮ ಬಂದು ಮನೆ ತುಂಬಿದಳು, ಕಂಠಪ್ಪನ ಮನಸ್ಸನ್ನೂ ತುಂಬಿದಳು. ಅವಳೆಲ್ಲಿ ನೊಂದುಕೊಂಡಾಳೋ ಎಂದು ಅವನು ಆ ಹೆಸರನ್ನು ಮನೆಯಲ್ಲಿ ಒಂದು ದಿನವೂ ಎತ್ತಿದವನಲ್ಲ. ಸೋಮವಾರ ಬಂತೆಂದರೆ ಹೊಲದ ಬದು ನೋಡಿಕೊಂಡು ಬರುತ್ತೇನೆಂದು ಹೇಳಿ ಹೊರಡುವುದು, ಸಮಾಧಿಯ ಪಕ್ಕ ಒಂದು ಗಳಿಗೆ ಕೂತು ಎದ್ದು ಬರುವುದು. ಅಷ್ಟು ವರ್ಷದಲ್ಲಿ ಅಲ್ಲಿ ಒಂದು ಮುಳ್ಳು ಹುಟ್ಟಿದ್ದಿಲ್ಲ, ಒಂದು ಕಲ್ಲು ಜರುಗಿದ್ದಿಲ್ಲ. ಪುಣ್ಯವಂತೆ ಇರುವ ಜಾಗ, ಅದಕ್ಕೇ ಹಾಗೆ ಎಂದು ಅವನು ನಂಬಿಕೊಂಡಿದ್ದ. ಗಂಡಸರ ತಿಳಿವಳಿಕೆ ಅಷ್ಟೇ ತಾನೆ!

ಈಗ ಆ ಗುರುಶಾಂತಮ್ಮ ಹೆಂಗಸರ ಗುಂಪಿನಲ್ಲಿ ಗೋಡೆಗೊರಗಿ ಕೂತಿದ್ದಳು. ಅವಳೆದುರಿಗೆ, ಅದೂ ಊರೆಲ್ಲ ಸೇರಿರುವಾಗ, ಹೇಗೆ ಬಾಯಿ ಬಿಡುವುದು? ಬಿಡದಿದ್ದರೆ ನಾಳೆ ಹುಡುಗರು ಆ ಮಣ್ಣಿನ ಮೇಲೆಯೇ ಕುಣಿದಾಡುತ್ತಾರೆ.

"ಏನೂ ಇಲ್ಲ ಸ್ವಾಮಿ. ಓದೋ ಮಕ್ಕಳ್ಗೆ ತಾನೆ, ಆಗ್ಲಿ ಬುಡಿ" ಎಂದು ಕೂತುಬಿಟ್ಟ. ಶಾನುಭೋಗರು ಬರೆದುಕೊಳ್ಳಲು ಲೇಖನಿ ಅದ್ದಿದರು.

"ತಡೀರಿ ಸ್ವಾಮಿ, ಬರ್ಕೋಬ್ಯಾಡಿ." ಗುರುಶಾಂತಮ್ಮ ಸೆರಗು ಹೊದ್ದು ಎದ್ದು ನಿಂತಿದ್ದಳು. "ನಂದು ತಕರಾರದೆ. ಆ ಒಲದ ಮೂಲೇಲಿ ನಮ್ಮಕ್ಕನ ಸಮಾಧಿ ಅದೆ."

"ನಿಮ್ಮ ಒಡಹುಟ್ಟಿದವರಾ?" ಅಮಲ್ದಾರರು ಕೇಳಿದರು.

"ಅಲ್ಲ ಸ್ವಾಮಿ, ಇವರ ಮೊದಲ್ನೇ ಎಂಡ್ರು. ನಂಗೆ ಅಕ್ಕ ಅಲ್ವಾ?" ಎಂದಳು. ಗಂಡನ ಕಡೆ ಒಂದು ಸಲ ನೋಡಿ, ನಗು ತಡೆದುಕೊಂಡು, "ಇವರು ಸೋಮ್ವಾರ ಸೋಮ್ವಾರ ಬದ ನೋಡಕ್ ಓಯ್ತಾರೆ. ಬದ ಎಲ್ಲಾದ್ರೂ ಎದ್ದು ಓಡೋಯ್ತದಾ ಸ್ವಾಮಿ? ಅದ್ಕೇ ನಾನು ಭಾನ್ವಾರವೇ ಓಗಿ, ಕಳೆ ಕಿತ್ತು, ಗುಡ್ಸಿ ಬತ್ತೀನಿ. ಕಾಲಿಗೆ ಮುಳ್ಳು ಚುಚ್ಕೊಂಡು ಬಂದ್ರೆ ಪಾಪ, ಮನೇಲಿ ಏನಂತ ಸುಳ್ಳು ಯೋಳ್ತಾರೆ?"

ಊರೆಲ್ಲ ಗೊಳ್ಳೆಂದಿತು. ಕಂಠಪ್ಪನಿಗೆ ಮಾತ್ರ ನಗಲಾಗಲಿಲ್ಲ, ತಲೆ ಎತ್ತಲೂ ಆಗಲಿಲ್ಲ. ತಾನೊಬ್ಬನೇ ಕಾಪಾಡಿಕೊಂಡು ಬಂದೆನೆಂದುಕೊಂಡಿದ್ದ ಗುಟ್ಟನ್ನು ಇಷ್ಟು ವರ್ಷ ಇಬ್ಬರೂ ಕೂಡಿಯೇ ಕಾಪಾಡಿದ್ದರು. ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದು ಅವನು ವಲ್ಲಿಯಿಂದ ಕಣ್ಣೊರೆಸಿಕೊಂಡ.

"ಮೈದಾನದ ಬೇಲಿ ಎರಡು ಮಾರು ಒಳಕ್ಕೆ ಬಂದರೆ ಕಾಲೇಜಿಗೇನೂ ನಷ್ಟವಿಲ್ಲ. ಆ ಜಾಗ ಬಿಟ್ಟು ಗೆರೆ ಎಳೀರಿ" ಎಂದರು ಅಮಲ್ದಾರರು. ಮೈಸೂರಿನಿಂದ ಬಂದಿದ್ದ ಎಳೆ ಪ್ರಾಯದ ಇಂಜಿನಿಯರು ಪೆನ್ಸಿಲು ತೆಗೆದು, "ಉದ್ದ ಆರಡಿ, ಅಗಲ ಮೂರಡಿ" ಎನ್ನುತ್ತ ಗುರುತು ಹಾಕಿದರು.

"ಆರಡಿ ಯಾಕೆ ಸ್ವಾಮಿ? ನಮ್ಮೋರು ಸಮಾಧೀಲಿ ಮಲಗಾಕಿಲ್ಲ. ಅಂಗೈಲಿ ಲಿಂಗ ಇಟ್ಕೊಂಡು ಕುಂತ್ಕೋತಾರೆ" ಎಂದಳು ಗುರುಶಾಂತಮ್ಮ.

ಇಂಜಿನಿಯರು ತಬ್ಬಿಬ್ಬಾಗಿ ರಬ್ಬರು ಹುಡುಕಿದರು. "ಹಾಗಾದರೆ ನಾಲ್ಕಡಿ ಚೌಕ ಸಾಕು ಬಿಡಿ."

"ಒಂದ್ ಚೌಕ ಸಾಲಾಕಿಲ್ಲ, ಮೂರು ಬುಡಿ. ಕಾಲ ಬಂದಾಗ ಇವರು ಎಲ್ ಕೂರಾದು, ನಾನ್ ಎಲ್ ಕೂರಾದು?"

ಈ ಸಲ ಯಾರೂ ನಗಲಿಲ್ಲ. ಇಂಜಿನಿಯರು ಒಂದರ ಮಗ್ಗುಲಲ್ಲಿ ಇನ್ನೊಂದರಂತೆ ಮೂರು ಚೌಕ ಬರೆದು, "ಮಧ್ಯದ್ದು ಯಜಮಾನರದು, ಅಲ್ವೇನಮ್ಮ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ ಸ್ವಾಮಿ, ಮಧ್ಯಕ್ಕೆ ನಾನು" ಎಂದಳು ಗುರುಶಾಂತಮ್ಮ. "ಇವರು ಬಾಯಿ ಬುಡೋ ಆಸಾಮಿ ಅಲ್ಲ. ಇಷ್ಟು ವರ್ಸದ ಸಂಸಾರದ ಸುದ್ದೀನೆಲ್ಲ ಅಕ್ಕಂಗೆ ಯೋಳೋರು ಯಾರು?"