ಪಕ್ಕದ ಮನೆಯ ಹವಳ

ಸಮುದ್ರ ಸತ್ತ ಮೇಲೆ ಮಂಗಳೂರಿನಲ್ಲಿ ಮನೆಗೊಂದು ಜೀವಂತ ಹವಳವನ್ನು ತೊಟ್ಟಿಯಲ್ಲಿ ಸಾಕಲು ಕೊಟ್ಟಿದ್ದರು. ಬಿಸಿಲು ಬೇಡದ ಜಾತಿ; ಮೈತುಂಬ ಬಾಯಿ, ಒಂದೊಂದಕ್ಕೂ ಸಿಗಡಿಯ ಚೂರು ಇಟ್ಟು ಉಣಿಸಬೇಕು. ವಾರಿಜಳದು ನಾಲ್ಕೇ ಬಾಯಿ ತೆರೆಯುತ್ತಿತ್ತು. ಪಕ್ಕದ ಮನೆಯ ಗುಲಾಬಿಯದು ಸೇವಂತಿಗೆಯಂತೆ ಅರಳುವುದನ್ನು ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

“ಎರಡು ದಿನ ನನ್ನದಕ್ಕೂ ಸ್ವಲ್ಪ ತಿನ್ನಿಸಿ ಆಯ್ತಾ ವಾರಿಜಕ್ಕ,” ಎಂದು ಹೇಳಿ ಗುಲಾಬಿ ಮದುವೆಗೆ ಹೋದಳು.

ಅದನ್ನು ಉಪವಾಸ ಕೆಡವಬೇಕೆಂದೇ ವಾರಿಜ ಅಲ್ಲಿಗೆ ಹೋದದ್ದು. ಆದರೆ ಅವಳ ನೆರಳು ಬಿದ್ದದ್ದೇ ತಡ, ಆ ಹಾಳು ಹವಳ ಅಷ್ಟೂ ಬಾಯಿ ತೆರೆಯಿತು. ಮನಸ್ಸು ತಡೆಯದೆ ಎಲ್ಲಕ್ಕೂ ಉಣಿಸಿದಳು.

ಮನೆಗೆ ಬಂದು ತೊಟ್ಟಿಯಲ್ಲಿ ಕೈಯಿಟ್ಟರೆ ತನ್ನದರ ನಾಲ್ಕು ಬಾಯಿಗಳೂ ಮುಚ್ಚಿಕೊಂಡವು.

“ಬೇರೆ ಮನೆಯ ವಾಸನೆ ಅದಕ್ಕೆ ಗೊತ್ತಾಗ್ತದೆ. ಕೈ ತೊಳ್ಕೊಂಡು ಬಾ ಮಾರಾಯ್ತಿ,” ಎಂದ ಗಂಡ.

ತನಗಾಗಿ ಹೊಟ್ಟೆಕಿಚ್ಚು ಪಡುವ ಜೀವವೂ ಒಂದಿದೆ! ಆ ದಿನವೆಲ್ಲ ವಾರಿಜ ಕೈ ತೊಳೆಯಲೇ ಇಲ್ಲ.