ಪಕ್ಕದ ಸೀಟಿನ ಕಣ್ಣು

ಕೆಂಪು ದೀಪ ಹತ್ತಿತ್ತು, ಮುಂದೆ ಲಾರಿ ನಿಂತಿತ್ತು, ಆದರೂ ಅತ್ತೆಯ ಕಾಲು ಬ್ರೇಕಿನ ಕಡೆ ಹೊರಳಲಿಲ್ಲ. ಸೊಸೆಗೆ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಅದು ಡ್ರೈವಿಂಗ್ ಸ್ಕೂಲಿನ ಕಾರು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಅದನ್ನವಳು ಶಕ್ತಿಯೆಲ್ಲ ಹಾಕಿ ತುಳಿದಳು. ಕಾರು ಲಾರಿಗಿಂತ ಒಂದು ಗೇಣು ಹಿಂದೆ ನಿಂತಿತು.

"ಅತ್ತೆ! ಲಾರಿ ಕಾಣಿಸಲಿಲ್ವಾ?"

"ಕಾಣಿಸ್ತು ಕಣೇ. ಅಷ್ಟು ದೊಡ್ಡದು ಕಾಣಿಸದೆ ಇರುತ್ತಾ?"

"ಮತ್ತೆ ಬ್ರೇಕ್ ಯಾಕೆ ಹಾಕಲಿಲ್ಲ?"

ಹನ್ನೊಂದು ವರ್ಷದಿಂದ ಊರಿಗೆಲ್ಲ ಕಾರು ಕಲಿಸುತ್ತಿದ್ದ ಸೊಸೆಯ ಸ್ವಂತ ಅತ್ತೆ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದರು. ನಿನ್ನೆಯವರೆಗೂ ಸೊಸೆ ಪಕ್ಕದಲ್ಲಿದ್ದರೆ ನೀರು ಕುಡಿದಷ್ಟು ಸಲೀಸಾಗಿ ಓಡಿಸುವರು, ಪರೀಕ್ಷೆಯ ಸಾಹೇಬರು ಬಂದು ಕೂತರೆ ಕಂಬ ಹುಡುಕಿಕೊಂಡು ಹೋಗುವರು. ನಾಳೆ ಮೂರನೇ ಸಲ. ಇದೂ ಹೋದರೆ ಸ್ಟೀರಿಂಗ್ ಮುಟ್ಟುವುದಿಲ್ಲ ಎಂದು ಊಟಕ್ಕೆ ಕೂತವರೆಲ್ಲರ ಎದುರು ಶಪಥ ಮಾಡಿಬಿಟ್ಟಿದ್ದರು. ತಂಗಿಯ ಮನೆಗೆ ಹೋಗಬೇಕೆನಿಸಿದಾಗಲೆಲ್ಲ ಮಗನಿಗೆ ಪುರುಸೊತ್ತಿದೆಯೋ ಎಂದು ಅವನ ಮುಖ ನೋಡುವುದು ಆಕೆಗೆ ಸಾಕುಸಾಕಾಗಿತ್ತು.

ಮುಂದಿನ ರಸ್ತೆಯುಬ್ಬಿನಲ್ಲೂ ಅದೇ ಕಥೆ. ಸೊಸೆಯ ತಲೆ ಕಾರಿನ ಚಾವಣಿಗೆ ಬಡಿಯಿತು. ತಲೆ ಸವರಿಕೊಳ್ಳುತ್ತ ಮೇಲೆ ನೋಡಿದರೆ ಕನ್ನಡಿಯಲ್ಲಿ ಅತ್ತೆಯ ಎರಡೂ ಕಣ್ಣು ಅವಳನ್ನೇ ದಿಟ್ಟಿಸುತ್ತಿದ್ದವು.

"ಆ ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ. ನನ್ನ ಮುಖ ಯಾಕೆ ನೋಡ್ತಿದ್ದೀರಿ?"

ಅತ್ತೆ ಕಾರನ್ನು ಹೇಗೋ ರಸ್ತೆ ಬದಿಗೆ ತಂದು ನಿಲ್ಲಿಸಿದರು. "ನಿನ್ನ ಎಡಗಣ್ಣು ಇವತ್ತು ಅದುರ್ತಾನೇ ಇಲ್ಲ" ಎಂದರು, ಅದೇನೋ ಸೊಸೆಯದೇ ತಪ್ಪು ಎನ್ನುವಂತೆ.

"ವಾಸಿಯಾಯ್ತಲ್ಲ! ನೀವೇ ತಾನೇ ವಾಸಿ ಮಾಡಿದ್ದು?"

ಅದು ನಿಜ. ಅತ್ತೆಗೆ ಕಾರು ಕಲಿಸಲು ತೊಡಗಿದ ಮರುವಾರವೇ ಸೊಸೆಯ ಎಡಗಣ್ಣಿನ ರೆಪ್ಪೆ ಪಟಪಟ ಅದುರತೊಡಗಿತ್ತು. ಹೆದರುವಂಥದ್ದೇನೂ ಇಲ್ಲ, ನಿದ್ದೆ ಕಡಿಮೆ, ಕಾಫಿ ಜಾಸ್ತಿ, ರೆಪ್ಪೆ ದಣಿದಿದೆ ಎಂದಿದ್ದರು ಡಾಕ್ಟರು. ಕಣ್ಣು ತಾನಾಗಿ ಮುಚ್ಚಿಕೊಂಡರೆ, ಕೆನ್ನೆಯೂ ಅದುರಿದರೆ ಮತ್ತೆ ಬನ್ನಿ ಎಂದಿದ್ದರು. "ಮನಸ್ಸಿಗೇನಾದರೂ ಚಿಂತೆ?" ಎಂದು ಕೇಳಿದಾಗ ಪಕ್ಕದಲ್ಲೇ ಅತ್ತೆ ಕೂತಿದ್ದರಿಂದ ಸೊಸೆ, ಪಾಪ, "ಏನೂ ಇಲ್ಲ" ಎಂದಿದ್ದಳು. ಅವತ್ತಿನಿಂದ ಮನೆಯಲ್ಲಿ ಅತ್ತೆಯದೇ ದರ್ಬಾರು. ಐದು ಲೋಟ ಕಾಫಿ ಒಂದಕ್ಕೆ ಇಳಿಯಿತು. ರಾತ್ರಿ ಒಂಬತ್ತಾದರೆ ಸೊಸೆಯ ಫೋನು ಅತ್ತೆಯ ದಿಂಬಿನ ಕೆಳಗೆ. ದಿನಕ್ಕೆರಡು ಸಲ ಬೆಚ್ಚನೆಯ ನೀರಲ್ಲಿ ಹಿಂಡಿದ ಬಟ್ಟೆ ಕಣ್ಣಿನ ಮೇಲೆ. ಹತ್ತು ದಿನದಲ್ಲಿ ರೆಪ್ಪೆ ತೆಪ್ಪಗಾಯಿತು.

"ಅದು ಸಣ್ಣಗೆ ಅದುರಿದ್ರೆ ಕ್ಲಚ್ಚು, ಜೋರಾಗಿ ಅದುರಿದ್ರೆ ಬ್ರೇಕು. ನಾನು ಓಡಿಸ್ತಿದ್ದಿದ್ದು ಹಾಗೇ" ಎಂದರು ಅತ್ತೆ, ಸಣ್ಣ ದನಿಯಲ್ಲಿ. "ಆ ಸಾಹೇಬ್ರ ಕಣ್ಣು ನೋಡಿದ್ದೀಯಾ? ಕಲ್ಲಿಂದು! ಎರಡು ಸಲಾನೂ ಕಾದೆ ಕಾದೆ, ಒಂದ್ಸಲಾನಾದ್ರೂ ಅದುರಬೇಕಲ್ಲ?"

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಅತ್ತೆ ನಗುತ್ತಿರಲಿಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಣ್ಣು ಯಾಕೆ ವಾಸಿ ಮಾಡಿದ್ರಿ?"

"ಇನ್ನೇನು, ನನ್ನ ಲೈಸೆನ್ಸಿಗೋಸ್ಕರ ನಿನ್ನ ಕಣ್ಣು ಬಡ್ಕೊಳ್ತಾನೇ ಇರ್ಲಿ ಅಂತ ಬಿಡ್ಲಾ?"

ಸೊಸೆ ಸೀಟು ಬದಲಿಸಿ, ರಜೆಗೆ ಮುಚ್ಚಿದ್ದ ಕಾರ್ಖಾನೆಯ ಅಂಗಳಕ್ಕೆ ಕಾರನ್ನು ತಾನೇ ಓಡಿಸಿದಳು. ಡಿಕ್ಕಿಯಲ್ಲಿದ್ದ ಟ್ರಾಫಿಕ್ ಕೋನ್‌ಗಳನ್ನು, ಆ ಕೆಂಪು ಪ್ಲಾಸ್ಟಿಕ್ ಟೋಪಿಗಳನ್ನು, ಅಲ್ಲೊಂದು ಇಲ್ಲೊಂದು ಇಟ್ಟು, ಪ್ರತಿ ಟೋಪಿಯ ಮುಂದೆ ನಿಲ್ಲಿಸಿ ಹೊರಡಬೇಕು ಎಂದಳು. ತನ್ನ ಮುಖ ಬಿಟ್ಟು ಹಿಂದಿನ ರಸ್ತೆ ಕಾಣುವಂತೆ ಕನ್ನಡಿಯನ್ನು ತಿರುಗಿಸಿದಳು. ಆಮೇಲೆ ಪಕ್ಕದ ಸೀಟಿಗೆ ಬಂದು, ತನ್ನ ಬ್ರೇಕಿನ ಮೇಲೆ ಕಾಲಿಟ್ಟು, ಫ್ಲಾಸ್ಕಿನ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಎರಡೂ ಕಣ್ಣಿಗೆ ಹಾಕಿಕೊಂಡಳು.

"ಈಗ ಯಾರ ಕಣ್ಣು ನೋಡ್ತೀರೋ ನೋಡಿ."

"ಅಯ್ಯೋ, ಗುದ್ದಿದ್ರೆ?"

"ನನಗೇನೂ ಕಾಣಲ್ಲಪ್ಪ. ನೀವುಂಟು, ಟೋಪಿಗಳುಂಟು."

ಮೊದಲ ಸುತ್ತಿನಲ್ಲಿ ಅತ್ತೆ ಬ್ರೇಕ್ ಹಾಕಿದ ರಭಸಕ್ಕೆ ಕಣ್ಣಿನ ಬಟ್ಟೆ ಮಡಿಲಿಗೆ ಬಿತ್ತು. ಎರಡನೇ ಸುತ್ತಿನಲ್ಲಿ ಒಂದು ಟೋಪಿ ಕಾರಿನಡಿ ಸಿಕ್ಕಿ ಬಹಳ ದೂರ ಜೊತೆಗೇ ಬಂತು. ಮೂರನೆಯದರಲ್ಲಿ ಅತ್ತೆ "ಬಂದೆ, ಬಂದೆ, ಇಗೋ ನಿಂತೆ" ಎಂದು ಟೋಪಿಗಳ ಜೊತೆ ಮಾತಾಡತೊಡಗಿದರು. ಐದಕ್ಕೆ ಸೊಸೆ "ಭೇಷ್" ಎಂದಳು. ಏಳಕ್ಕೆ ಏನೂ ಅನ್ನಲಿಲ್ಲ.

ಹೊಗಳಿಕೆ ಬರಲಿಲ್ಲವಲ್ಲ ಎಂದು ಅತ್ತೆ ಕಾರು ನಿಲ್ಲಿಸಿ ತಿರುಗಿದರು. ಬಟ್ಟೆ ಕೆನ್ನೆಗೆ ಜಾರಿತ್ತು, ಬಾಯಿ ಅರ್ಧ ತೆರೆದಿತ್ತು, ಸಣ್ಣ ಗೊರಕೆ. ಚಪ್ಪಲಿ ಕಳಚಿ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡಿದ್ದಳು ಸೊಸೆ. ಅವಳ ಬ್ರೇಕನ್ನು ಕೇಳುವವರೇ ಇರಲಿಲ್ಲ. ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಮೆಲ್ಲಗೆ ಗೇರ್ ಹಾಕಿ ಎಂಟನೇ ಸುತ್ತಿಗೆ ಹೊರಟರು.

ಹದಿನಾರನೇ ಸುತ್ತಿಗೆ ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದು ಕೂಗಿದ: "ಏನಮ್ಮಾ, ಆಗ್ಲಿಂದ ಸುತ್ತುತ್ತಾನೇ ಇದ್ದೀರಿ, ನಿಲ್ಲಿಸೋಕೆ ಬರಲ್ವಾ?"

ಕಾರು ಅವನ ಮುಂದೆ ಬಂದು ನಿಂತಿತು, ನಿದ್ದೆಯಲ್ಲಿದ್ದವಳ ತಲೆ ಕೂಡ ಅಲುಗದ ಹಾಗೆ. ಅತ್ತೆ ಗಾಜಿಳಿಸಿ ತುಟಿಯ ಮೇಲೆ ಬೆರಳಿಟ್ಟರು.

"ಶ್! ಮೆಲ್ಲಗೆ ಮಾತಾಡಪ್ಪ. ಮೇಡಂ ಪಾಠ ಮಾಡ್ತಿದ್ದಾರೆ."